ಆಕಾಶದ ಕಾವಲಿಗೆ ಎಫ್‌ಎಂ ಅಲೆಗಳು



ವಿಜ್ಞಾನದ ಒಂದು ಹೊಸ ವಿಷಯವನ್ನು ಕನ್ನಡದಲ್ಲಿ, ಆ ಶಾಸ್ತ್ರ ಓದದವರಿಗೂ ತಿಳಿಯುವಂತೆ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ನಾನು ಆರಿಸಿಕೊಂಡ ವಿಷಯ ಪ್ಯಾಸಿವ್ ರೇಡಾರ್. ನಾವು ಯಾವ ಅಲೆಯನ್ನೂ ಹೊರಡಿಸದೆ, ರೇಡಿಯೊ ಮತ್ತು ಟಿ.ವಿ. ಕೇಂದ್ರಗಳು ಬೇರೆ ಕೆಲಸಕ್ಕಾಗಿ ಬಿತ್ತರಿಸುವ ಅಲೆಗಳನ್ನೇ ಬಳಸಿಕೊಂಡು ಭೂಮಿಯ ಸುತ್ತ ತಿರುಗುವ ಉಪಗ್ರಹಗಳನ್ನೂ ಕೆಟ್ಟುಹೋದ ರಾಕೆಟ್ ಭಾಗಗಳನ್ನೂ ಪತ್ತೆಹಚ್ಚುವ ವಿದ್ಯೆ ಇದು. ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಆಕಾಶದಲ್ಲಿ ಏನು ಎಲ್ಲಿದೆ ಎಂಬ ತಿಳಿವಳಿಕೆ ನಾಲ್ಕಾರು ಸೇನೆಗಳ ಕೈಯಲ್ಲಷ್ಟೇ ಉಳಿಯಬೇಕಾಗಿಲ್ಲ. ಅದನ್ನು ವಿಶ್ವವಿದ್ಯಾಲಯಗಳೂ ಸಂಪಾದಿಸಬಹುದು. ಅದಕ್ಕೆ ಬೇಕಾದ ಕಸುಬು ಕರ್ನಾಟಕದಲ್ಲಿ ಹಲವು ದಶಕಗಳಿಂದ ಇದೆ.

ಮೊದಲು ಒಂದು ಅಪಘಾತದ ಸಂಗತಿ. 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ, ನೆಲದಿಂದ ಸುಮಾರು 789 ಕಿಲೋಮೀಟರ್ ಎತ್ತರದಲ್ಲಿ ಎರಡು ಉಪಗ್ರಹಗಳು ಡಿಕ್ಕಿ ಹೊಡೆದವು. ಒಂದು ಅಮೆರಿಕದ ಇರಿಡಿಯಂ 33. ಅದು ಫೋನ್ ಕರೆಗಳನ್ನು ಸಾಗಿಸುತ್ತ ಕೆಲಸದಲ್ಲಿತ್ತು. ಇನ್ನೊಂದು ರಷ್ಯಾದ ಕಾಸ್ಮಾಸ್ 2251. ಅದು ಕೆಟ್ಟು ಎಷ್ಟೋ ವರ್ಷವಾಗಿತ್ತು. ಎರಡೂ ಎದುರಾದ ವೇಗ ಸೆಕೆಂಡಿಗೆ 11.7 ಕಿಲೋಮೀಟರ್. ಆ ಒಂದು ಡಿಕ್ಕಿಯಿಂದ ಎದ್ದ, ನೆಲದಿಂದ ಗುರುತಿಸಬಲ್ಲ ಚೂರುಗಳೇ ಎರಡು ಸಾವಿರಕ್ಕೂ ಹೆಚ್ಚು. ಇದರಲ್ಲಿ ನನ್ನನ್ನು ಬಹಳ ಕಾಡಿದ ಅಂಕಿ ಇನ್ನೊಂದಿದೆ. ಅಂದು ಸಾರ್ವಜನಿಕರಿಗೆ ಸಿಗುತ್ತಿದ್ದ ಕಕ್ಷೆಯ ಮಾಹಿತಿಯಿಂದ ಲೆಕ್ಕ ಹಾಕಿದ್ದ ಮುನ್ಸೂಚನೆಯಲ್ಲಿ ಇವೆರಡೂ 584 ಮೀಟರ್ ಅಂತರ ಬಿಟ್ಟು ಹಾದುಹೋಗಬೇಕಿತ್ತು. ಅಪಾಯದ ಪಟ್ಟಿಯಲ್ಲಿ ಆ ದಿನ ಈ ಜೋಡಿ ಮೊದಲನೆಯದೂ ಆಗಿರಲಿಲ್ಲ.

ಎರಡೂ ಗೊತ್ತಿದ್ದ ವಸ್ತುಗಳು. ಎರಡಕ್ಕೂ ಪಟ್ಟಿಯಲ್ಲಿ ನಂಬರು ಇತ್ತು. ಕಣ್ತಪ್ಪಿಸಿ ಓಡಾಡುವಷ್ಟು ಸಣ್ಣವೂ ಅಲ್ಲ, ಒಂದೊಂದೂ ಅರ್ಧ ಟನ್ನಿಗೂ ಮಿಗಿಲು ತೂಕದವು. ಗೊತ್ತಿಲ್ಲದೆ ಹೋದದ್ದು ಆ ಕ್ಷಣದಲ್ಲಿ ಅವು ಇದ್ದ ಕರಾರುವಾಕ್ಕಾದ ಜಾಗ. ಕಕ್ಷೆಯ ಲೆಕ್ಕ ಬಹಳ ಬೇಗ ಹಳಸುತ್ತದೆ. ಸೂರ್ಯ ಕೆರಳಿದ ದಿನಗಳಲ್ಲಿ ಮೇಲಿನ ವಾತಾವರಣ ಉಬ್ಬುತ್ತದೆ, ಉಪಗ್ರಹಕ್ಕೆ ತಗಲುವ ಎಳೆತ ಹೆಚ್ಚುತ್ತದೆ. ಬಿಸಿಲಿನ ಒತ್ತಡವೂ ಅಷ್ಟಿಷ್ಟು ತಳ್ಳುತ್ತದೆ. ಮಗುಚಿಕೊಳ್ಳುತ್ತ ಸಾಗುವ ಹಳೆಯ ರಾಕೆಟ್ ಭಾಗದ ಮೇಲೆ ಇವೆಲ್ಲ ಎಷ್ಟೆಷ್ಟು ಕೆಲಸ ಮಾಡುತ್ತವೆ ಎಂದು ಮುಂಚಿತವಾಗಿ ಹೇಳುವುದು ಕಷ್ಟ. ಹಾಗಾಗಿ ಒಮ್ಮೆ ನೋಡಿ ಬರೆದಿಟ್ಟುಕೊಂಡರೆ ಸಾಲದು, ಮತ್ತೆ ಮತ್ತೆ ನೋಡುತ್ತಲೇ ಇರಬೇಕು. ನೋಡುವ ಕಣ್ಣು ಹೆಚ್ಚಿದಷ್ಟೂ ಒಳ್ಳೆಯದು, ಅವು ಬೇರೆ ಬೇರೆ ದೇಶಗಳಲ್ಲಿ ಹರಡಿಕೊಂಡಿದ್ದರೆ ಇನ್ನೂ ಒಳ್ಳೆಯದು.

ಕಣ್ಣು ಹೆಚ್ಚಿಸಲು ಅಡ್ಡಿ ಖರ್ಚು. ಮಾಮೂಲಿ ರೇಡಾರ್ ತಾನೇ ಅಲೆಯನ್ನು ಕಳಿಸಿ, ವಸ್ತುವಿಗೆ ತಾಗಿ ಮರಳಿದ್ದನ್ನು ಹಿಡಿಯುತ್ತದೆ. ಹೋಗುವಾಗ ಅಲೆ ಹರಡಿಕೊಂಡು ಕ್ಷೀಣಿಸುತ್ತದೆ, ಬರುವಾಗ ಮತ್ತೊಮ್ಮೆ ಕ್ಷೀಣಿಸುತ್ತದೆ. ದೂರ ಇಮ್ಮಡಿಯಾದರೆ ಮರಳುವ ಶಕ್ತಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಾವಿರ ಕಿಲೋಮೀಟರ್ ಮೇಲಿನ ವಸ್ತುವನ್ನು ನೋಡಬೇಕಾದರೆ ಅಲೆ ಕಳಿಸುವ ದೊಡ್ಡ ಪ್ರೇಷಕ ಬೇಕು, ಅದಕ್ಕೆ ವಿದ್ಯುತ್ ಬೇಕು, ಜಾಗ ಬೇಕು, ಆವೃತ್ತಿಯ ಪರವಾನಗಿ ಬೇಕು. ಹಣದ ಬಹುಪಾಲು ಅಲೆ ಕಳಿಸುವ ಕಡೆಯೇ ಸುರಿದುಹೋಗುತ್ತದೆ. ಮನೆಯಲ್ಲಿ ದೀಪವಿಲ್ಲದ ಹುಡುಗರು ಹಿಂದೆ ಬೀದಿದೀಪದ ಕೆಳಗೆ ಕೂತು ಓದುತ್ತಿದ್ದರಲ್ಲ, ಪ್ಯಾಸಿವ್ ರೇಡಾರ್ ಮಾಡುವುದೂ ಅದನ್ನೇ. ಬೆಳಕು ಊರಿನದು, ಓದು ಮಾತ್ರ ನಮ್ಮದು.

ಈ ವಿದ್ಯೆ ರೇಡಾರಿನಷ್ಟೇ ಹಳೆಯದು. ಬ್ರಿಟನ್ನಿನಲ್ಲಿ ರೇಡಾರ್ ಹುಟ್ಟಿದ್ದೇ ಹೀಗೆ. 1935ರ ಫೆಬ್ರವರಿ 26ರಂದು ರಾಬರ್ಟ್ ವಾಟ್ಸನ್ ವಾಟ್ ಮತ್ತು ಆರ್ನಾಲ್ಡ್ ವಿಲ್ಕಿನ್ಸ್ ಡ್ಯಾವೆಂಟ್ರಿ ಪಟ್ಟಣದ ಸಮೀಪ ಒಂದು ಹೊಲದಲ್ಲಿ ವ್ಯಾನ್ ನಿಲ್ಲಿಸಿಕೊಂಡು ಕೂತಿದ್ದರು. ಅವರ ಬಳಿ ಪ್ರೇಷಕವೇ ಇರಲಿಲ್ಲ. ಬಿ.ಬಿ.ಸಿ.ಯ ಡ್ಯಾವೆಂಟ್ರಿ ಕೇಂದ್ರ 49 ಮೀಟರ್ ಶಾರ್ಟ್‌ವೇವ್‌ನಲ್ಲಿ ಪ್ರಸಾರ ಮಾಡುತ್ತಿತ್ತು. ಹೇಫರ್ಡ್ ಎಂಬ ಬಾಂಬರ್ ವಿಮಾನ ಆ ಅಲೆಗಳ ನಡುವೆ ಹಾರಿತು. ವಿಮಾನಕ್ಕೆ ತಾಗಿ ಬಂದ ಅಲೆಯ ಗುರುತು ವ್ಯಾನಿನೊಳಗಿನ ಪರದೆಯ ಮೇಲೆ ಕಂಡಿತು, ಸುಮಾರು 13 ಕಿಲೋಮೀಟರ್ ದೂರದವರೆಗೂ ಕಂಡಿತು. ವಿಲ್ಕಿನ್ಸ್ ಅಲ್ಲಿ ಬಿಡಿಸಿದ ತೊಡಕು ಇವತ್ತಿಗೂ ಈ ವಿದ್ಯೆಯ ಮುಖ್ಯ ತೊಡಕು. ಕೇಂದ್ರದಿಂದ ನೇರವಾಗಿ ಬರುವ ಅಲೆ ಬಲು ಜೋರು, ವಿಮಾನಕ್ಕೆ ತಾಗಿ ಬರುವುದು ಬಲು ಕ್ಷೀಣ. ಅವರು ಎರಡು ಆಂಟೆನಾಗಳನ್ನು ಹೂಡಿ, ಎರಡರಲ್ಲೂ ಬಂದ ನೇರ ಅಲೆ ಒಂದನ್ನೊಂದು ಅಳಿಸಿಹಾಕುವಂತೆ ಹೊಂದಿಸಿದರು. ಉಳಿದದ್ದು ವಿಮಾನದಿಂದ ಬಂದ ಅಲೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಆಕಾಶವಾಣಿ ಪ್ರಸಾರ ಆರಂಭಿಸಿದ್ದರು. ಪ್ರಸಾರದ ಅಲೆಗೆ ಇನ್ನೊಂದು ಉಪಯೋಗವಿದೆ ಎಂದು ಜಗತ್ತಿಗೆ ಗೊತ್ತಾದದ್ದೂ, ನಮ್ಮ ಕನ್ನಡ ನೆಲದಲ್ಲಿ ಬಾನುಲಿ ಮೊಳೆತದ್ದೂ ಒಂದೇ ವರ್ಷ.

ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನರು ಇಂಗ್ಲಿಷ್ ಕಾಲುವೆಯ ಯುರೋಪ್ ಕಡೆಯ ದಡದಲ್ಲಿ ಕೂತು, ಬ್ರಿಟಿಷರ ರೇಡಾರ್ ಸರಪಳಿಯ ಅಲೆಗಳನ್ನೇ ಬಳಸಿ ಬ್ರಿಟಿಷ್ ವಿಮಾನಗಳನ್ನು ಪತ್ತೆಹಚ್ಚುವ ಕ್ಲೈನ್ ಹೈಡೆಲ್‌ಬರ್ಗ್ ಎಂಬ ಏರ್ಪಾಟು ಮಾಡಿಕೊಂಡಿದ್ದರು. ಆ ಕಥೆಯನ್ನು ಇಲ್ಲಿಗೆ ಬಿಟ್ಟು ಬಾಹ್ಯಾಕಾಶಕ್ಕೆ ಬರೋಣ.

1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಮೇಲೇರಿತು. ಅದರ ಬೀಪ್ ಸದ್ದನ್ನು ಜಗತ್ತೇ ಕೇಳಿತು. ಆದರೆ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜಾನ್ ಕ್ರೌಸ್ ಬೇರೊಂದು ಸದ್ದಿಗೆ ಕಿವಿಗೊಟ್ಟರು. ಸರಿಯಾದ ಗಂಟೆ ಹೇಳುವ ಡಬ್ಲ್ಯುಡಬ್ಲ್ಯುವಿ ಎಂಬ ಸರ್ಕಾರಿ ಕೇಂದ್ರ 20 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಮಾಡುತ್ತಿತ್ತು. ರಾತ್ರಿಯ ಹೊತ್ತು ಆ ಕೇಂದ್ರ ಕ್ರೌಸರ ಊರಿಗೆ ಕ್ಷೀಣವಾಗಿ ಕೇಳುತ್ತಿತ್ತು. ಸ್ಪುಟ್ನಿಕ್ ಹಾದುಹೋಗುವ ಹೊತ್ತಿಗೆ ಅದರ ಸದ್ದು ಥಟ್ಟನೆ ಏರುವುದನ್ನು ಅವರು ದಾಖಲಿಸಿದರು, 1958ರಲ್ಲಿ ಅದನ್ನು ಪ್ರಕಟಿಸಿದರು. ಬೇರೆಯವರ ಅಲೆಯಿಂದ ಉಪಗ್ರಹ ಕಂಡವರಲ್ಲಿ ಮೊದಲಿಗರು ಅವರು. ಮುಂದೆ ಇದೇ ಕ್ರೌಸ್ ಬಿಗ್ ಇಯರ್ ಎಂಬ ರೇಡಿಯೊ ದೂರದರ್ಶಕ ಕಟ್ಟಿದರು. ರೇಡಿಯೊ ಖಗೋಳಶಾಸ್ತ್ರಕ್ಕೂ ಈ ಕಾವಲು ಕೆಲಸಕ್ಕೂ ನಂಟು ಅಂದಿನಿಂದಲೇ ಇದೆ.

ಆಮೇಲೆ ಸೇನೆಗಳು ಈ ಕೆಲಸ ಕೈಗೆತ್ತಿಕೊಂಡವು. ಅಮೆರಿಕದ ನೌಕಾಪಡೆ ದೇಶದ ದಕ್ಷಿಣ ಭಾಗದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಅಲೆಗಳ ಬೇಲಿಯನ್ನೇ ಕಟ್ಟಿತು. ಟೆಕ್ಸಸ್‌ನ ಕಿಕಾಪೂ ಸರೋವರದ ಬಳಿ ಅದರ ಮುಖ್ಯ ಪ್ರೇಷಕವಿತ್ತು. 2013ರ ಸೆಪ್ಟೆಂಬರಿನಲ್ಲಿ ಹಣದ ಕಡಿತದ ನಡುವೆ ಆ ಬೇಲಿ ಕಳಚಿತು. ಫ್ರಾನ್ಸ್ 2005ರಿಂದ ಗ್ರಾವ್ ಎಂಬ ವ್ಯವಸ್ಥೆ ನಡೆಸುತ್ತಿದೆ. ದಿಜೋನ್ ನಗರದ ಹತ್ತಿರ ಪ್ರೇಷಕ. ಅಲ್ಲಿಂದ ಸುಮಾರು 400 ಕಿಲೋಮೀಟರ್ ದಕ್ಷಿಣಕ್ಕೆ, ಒಂದು ಕಾಲದಲ್ಲಿ ತನ್ನ ಅಣ್ವಸ್ತ್ರ ಕ್ಷಿಪಣಿಗಳನ್ನು ಹೂತಿಟ್ಟಿದ್ದ ಆಲ್ಬಿಯೊನ್ ಪ್ರಸ್ಥಭೂಮಿಯಲ್ಲಿ, ಅಲೆ ಹಿಡಿಯುವ ಗ್ರಾಹಕ. ಪ್ರೇಷಕವೂ ಅವರದೇ ಆದ್ದರಿಂದ ಫ್ರೆಂಚರಿಗೆ ಇದು ಪೂರ್ತಿ ಪ್ಯಾಸಿವ್ ಅಲ್ಲ. ಆದರೆ ಯುರೋಪಿನ ಹ್ಯಾಮ್ ರೇಡಿಯೊ ಹವ್ಯಾಸಿಗಳಿಗೆ ಅದು ಊರ ದೀಪವೇ ಆಗಿದೆ. 143.050 ಮೆಗಾಹರ್ಟ್ಸ್‌ಗೆ ಟ್ಯೂನ್ ಮಾಡಿ, ಉಲ್ಕೆಗಳನ್ನೂ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನೂ ಚಂದ್ರನಿಂದ ಮರಳುವ ಅಲೆಯನ್ನೂ ಅವರು ಮನೆಯಲ್ಲೇ ಕೂತು ಕೇಳುತ್ತಾರೆ.

ಗ್ರಾವ್ ಕಲಿಸಿದ ಪಾಠವೊಂದಿದೆ. 2007ರಲ್ಲಿ ಫ್ರೆಂಚ್ ಅಧಿಕಾರಿಗಳು ಬಹಿರಂಗವಾಗಿಯೇ ಒಂದು ಮಾತು ಹೇಳಿದರು. ಅಮೆರಿಕ ಪ್ರಕಟಿಸುವ ಪಟ್ಟಿಯಲ್ಲಿ ಇಲ್ಲದ ಇಪ್ಪತ್ತರಿಂದ ಮೂವತ್ತು ವಸ್ತುಗಳು ತಮ್ಮ ರೇಡಾರಿಗೆ ಕಾಣುತ್ತಿವೆ ಎಂದರು. ಫ್ರಾನ್ಸಿನ ಗೂಢಚಾರ ಉಪಗ್ರಹಗಳ ಕಕ್ಷೆಯನ್ನು ಅಮೆರಿಕ ತನ್ನ ಪಟ್ಟಿಯಲ್ಲಿ ಪ್ರಕಟಿಸುತ್ತಿತ್ತು, ತನ್ನವನ್ನು ಮಾತ್ರ ಬಿಡುತ್ತಿತ್ತು. ತಮ್ಮದೇ ಕಣ್ಣು ಇದ್ದುದರಿಂದ ಫ್ರೆಂಚರು ಎದುರು ಕೂತು ಮಾತಾಡಲು ಸಾಧ್ಯವಾಯಿತು. ಕಣ್ಣಿಲ್ಲದ ದೇಶ ಕೊಟ್ಟ ಪಟ್ಟಿಯನ್ನು ನಂಬಿಕೊಂಡಿರಬೇಕು.

ಇನ್ನು ನನ್ನ ಮಾತಿನ ನಡುಭಾಗಕ್ಕೆ, ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್‌ಗೆ ಬರುತ್ತೇನೆ. ವಾಜರಿ ಯಮಾಜಿ ಎಂಬ ಆದಿವಾಸಿ ಜನರ ಸೀಮೆ ಅದು. ಆ ಆಡಳಿತ ಪ್ರದೇಶ ನೆದರ್‌ಲೆಂಡ್ಸ್ ದೇಶದಷ್ಟು ವಿಸ್ತಾರ, ಜನಸಂಖ್ಯೆ ನೂರರ ಆಸುಪಾಸು. ರೇಡಿಯೊ ಗದ್ದಲ ಇಲ್ಲ ಎಂಬ ಕಾರಣಕ್ಕೇ ಖಗೋಳಜ್ಞರು ಆ ಕೆಂಪು ಮಣ್ಣಿನ ಬಯಲನ್ನು ಆರಿಸಿಕೊಂಡರು. ಅಲ್ಲಿ ಮರ್ಚಿಸನ್ ವೈಡ್‌ಫೀಲ್ಡ್ ಅರೇ ಎಂಬ ದೂರದರ್ಶಕವಿದೆ. ತಟ್ಟೆ ಆಕಾರದ ಆಂಟೆನಾ ಅದರಲ್ಲಿ ಒಂದೂ ಇಲ್ಲ. ನೆಲಕ್ಕೆ ಹಾಸಿದ ಲೋಹದ ಜಾಲರಿಯ ಮೇಲೆ ಜೇಡರ ಹುಳುವಿನಂತೆ ಕಾಲು ಚಾಚಿ ನಿಂತ 16 ಪುಟ್ಟ ಆಂಟೆನಾಗಳು. ಅಂಥ 16ರ ಗುಂಪಿಗೆ ಒಂದು ಟೈಲ್ ಎನ್ನುತ್ತಾರೆ. 2013ರಲ್ಲಿ ಕೆಲಸ ಆರಂಭಿಸಿದಾಗ 128 ಟೈಲ್‌ಗಳಿದ್ದವು. ಯಾವುದೂ ಅಲುಗುವುದಿಲ್ಲ, ತಿರುಗುವುದಿಲ್ಲ. ಒಂದೊಂದು ಆಂಟೆನಾದ ಸಂಕೇತವನ್ನು ಎಷ್ಟೆಷ್ಟು ತಡಮಾಡಿ ಕೂಡಿಸಬೇಕು ಎಂಬ ಹೊಂದಾಣಿಕೆಯಿಂದಲೇ ಅದು ಆಕಾಶದ ಬೇರೆ ಬೇರೆ ಭಾಗಗಳತ್ತ ನೋಡುತ್ತದೆ. ಎಂಟು ಟೈಲ್‌ಗಳಿಗೆ ಒಂದರಂತೆ ಬಯಲಿನಲ್ಲಿ ನಿಲ್ಲಿಸಿದ ಡಿಜಿಟಲ್ ರಿಸೀವರ್‌ಗಳ ನಿರ್ಮಾಣದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಕೈ ದೊಡ್ಡದು. ಸದಾಶಿವನಗರದ ಆ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಿದ ಎಂಜಿನಿಯರುಗಳ ಕೈಕೆಲಸ ಆ ಮರುಭೂಮಿಯ ಬಿಸಿಲಿನಲ್ಲಿ ದುಡಿದಿದೆ.

ಈ ದೂರದರ್ಶಕ 80ರಿಂದ 300 ಮೆಗಾಹರ್ಟ್ಸ್‌ವರೆಗೆ ಕೇಳುತ್ತದೆ. ನಮ್ಮ ಎಫ್‌ಎಂ ಪಟ್ಟಿ, ಅಂದರೆ 87.5ರಿಂದ 108 ಮೆಗಾಹರ್ಟ್ಸ್, ಅದರೊಳಗೇ ಬರುತ್ತದೆ. ಖಗೋಳಜ್ಞರಿಗೆ ಅದು ಬೇಡವಾದ ಭಾಗ. ಆದರೆ ಅಷ್ಟು ನಿಶ್ಶಬ್ದವಾದ ಜಾಗದಲ್ಲೂ ಎಫ್‌ಎಂ ಕೇಳಿಸಿತು. ಭೂಮಿಯ ಮೇಲಿನ ಎಫ್‌ಎಂ ಕೇಂದ್ರಗಳ ಅಲೆ ಚಂದ್ರನವರೆಗೂ ಹೋಗಿ ಮರಳಿ ಬಂದದ್ದನ್ನು ಅವರು ಅಳೆದರು. ಚಂದ್ರನಿಂದ ಬರುವುದಾದರೆ ಅದಕ್ಕಿಂತ ಎಷ್ಟೋ ಹತ್ತಿರ ಇರುವ ಉಪಗ್ರಹಗಳಿಂದಲೂ ಬರಬೇಕು. ಕರ್ಟಿನ್ ವಿಶ್ವವಿದ್ಯಾಲಯದ ಸ್ಟೀವನ್ ಟಿಂಗೇ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬಾಹ್ಯಾಕಾಶ ನಿಲ್ದಾಣವನ್ನು ಹಾಗೆ ಕಂಡದ್ದನ್ನು ತೋರಿಸಿದರು. ಅರ್ಧ ಮೀಟರಿಗೂ ಮಿಗಿಲಾದ ತ್ರಿಜ್ಯದ ವಸ್ತುಗಳನ್ನು ಸುಮಾರು ಸಾವಿರ ಕಿಲೋಮೀಟರ್ ಎತ್ತರದವರೆಗೆ ಹೀಗೆ ಕಾಣಬಹುದು ಎಂಬುದು ಅವರ ಲೆಕ್ಕ.

ಆ ಅಲೆ ಎಷ್ಟು ಕ್ಷೀಣ ಎಂಬುದಕ್ಕೆ ಒಂದು ಸ್ಥೂಲ ಲೆಕ್ಕ ಹಾಕಿ ನೋಡಿ. ಒಂದು ಲಕ್ಷ ವ್ಯಾಟ್‌ಗೆ ಸಮನಾದ ಕೇಂದ್ರದಿಂದ ಹೊರಟ ಅಲೆ ಸಾವಿರ ಕಿಲೋಮೀಟರ್ ಸಾಗಿ ನಿಲ್ದಾಣಕ್ಕೆ ತಾಗಿ, ಅಲ್ಲಿಂದ ನಾಲ್ಕೈದು ನೂರು ಕಿಲೋಮೀಟರ್ ಇಳಿದು ನೆಲ ಮುಟ್ಟುವಾಗ ಒಂದು ಚದರ ಮೀಟರಿನ ಮೇಲೆ ಬೀಳುವುದು ಒಂದು ವ್ಯಾಟ್‌ನ ನೂರು ಕೋಟಿಯಲ್ಲೊಂದು ಪಾಲು ತೆಗೆದುಕೊಂಡು, ಅದನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಎಷ್ಟೋ ಅಷ್ಟು. ಎಫ್‌ಎಂ ಗೋಪುರ ಕೇಳುಗರಿಗಾಗಿ ದಿಗಂತದತ್ತ ಅಲೆ ಚೆಲ್ಲುತ್ತದೆ, ಮೇಲಕ್ಕೆ ಸೋರುವುದು ಸ್ವಲ್ಪವೇ ಆದ್ದರಿಂದ ನಿಜಕ್ಕೂ ಸಿಗುವುದು ಇದಕ್ಕಿಂತ ಕಡಿಮೆ. ಅದನ್ನೂ ಹಿಡಿಯಲಾಗುತ್ತದೆ ಎಂಬುದು ರೇಡಿಯೊ ಖಗೋಳಜ್ಞರ ಸಾಮರ್ಥ್ಯ. ಅವರು ನಿತ್ಯ ಹುಡುಕುವ ಸಂಕೇತಗಳು ಇದಕ್ಕಿಂತಲೂ ಕ್ಷೀಣ.

ಹಿಡಿಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮರ್ಚಿಸನ್ ದೂರದರ್ಶಕ ಅರ್ಧ ಸೆಕೆಂಡಿಗೊಂದರಂತೆ ಆಕಾಶದ ಚಿತ್ರ ತೆಗೆಯುತ್ತದೆ. ನಕ್ಷತ್ರಮಂಡಲಗಳು, ದೂರದ ಗೆಲಾಕ್ಸಿಗಳು ಅರ್ಧ ಸೆಕೆಂಡಿನಲ್ಲಿ ಕದಲುವುದಿಲ್ಲ. ನೆತ್ತಿಯ ಮೇಲೆ 400 ಕಿಲೋಮೀಟರ್ ಎತ್ತರದಲ್ಲಿ ಸಾಗುವ ವಸ್ತು ಅಷ್ಟರಲ್ಲೇ ಅರ್ಧ ಡಿಗ್ರಿ, ಎಂದರೆ ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿದಿರುತ್ತದೆ. ಒಂದು ಚಿತ್ರದಿಂದ ಅದರ ಹಿಂದಿನದನ್ನು ಕಳೆಯಿರಿ. ನಿಂತದ್ದೆಲ್ಲ ಅಳಿಸಿಹೋಗುತ್ತದೆ. ಚಲಿಸಿದ್ದು ಒಂದು ಗೆರೆಯಾಗಿ ಉಳಿಯುತ್ತದೆ. ವಸ್ತು ಈಗಿರುವ ಕಡೆ ಗೆರೆ ಬೆಳ್ಳಗೆ, ಹಿಂದಿದ್ದ ಕಡೆ ಕಪ್ಪಗೆ. ಯಾವ ದಿಕ್ಕಿಗೆ ಹೋಗುತ್ತಿದೆ ಎಂಬುದೂ ಆ ಬಣ್ಣದಿಂದಲೇ ತಿಳಿಯುತ್ತದೆ. ಆ ಗೆರೆ ಎಫ್‌ಎಂ ಕೇಂದ್ರಗಳಿರುವ ಆವೃತ್ತಿಗಳಲ್ಲಿ ಕಂಡು, ನಡುವಣ ಖಾಲಿ ಆವೃತ್ತಿಗಳಲ್ಲಿ ಕಾಣದಿದ್ದರೆ ಅದು ಪ್ರತಿಫಲನ ಎಂದು ಖಾತ್ರಿ. ಮೇಲಿನ ಉಪಗ್ರಹವೇ ಏನಾದರೂ ಸೋರಿಸುತ್ತಿದ್ದರೆ ಅದರ ಚಹರೆ ಬೇರೆ ಇರುತ್ತದೆ. 2020ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಇದೇ ಬಗೆಯಿಂದ, ಎಲ್ಲಿ ಏನಿದೆ ಎಂದು ಮೊದಲೇ ನೋಡಿಕೊಳ್ಳದೆ, 20 ಗಂಟೆಗಳ ವೀಕ್ಷಣೆಯಲ್ಲಿ 70ಕ್ಕೂ ಹೆಚ್ಚು ಬೇರೆ ಬೇರೆ ವಸ್ತುಗಳು ಸಿಕ್ಕವು. ಬಹಳಷ್ಟು ವೀಕ್ಷಣೆ ಖಗೋಳಶಾಸ್ತ್ರಕ್ಕೆಂದೇ ತೆಗೆದಿಟ್ಟದ್ದಾದರೂ ಅದನ್ನೇ ಮತ್ತೊಮ್ಮೆ ಜಾಲಾಡಬಹುದು ಎಂಬುದು ಇದರ ಸೊಗಸು.

ಚಿತ್ರ ದಿಕ್ಕನ್ನು ಕೊಡುತ್ತದೆ, ದೂರವನ್ನು ಕೊಡುವುದಿಲ್ಲ. ದೂರ ಬೇಕಾದರೆ ಕೇಂದ್ರ ಆ ಕ್ಷಣಕ್ಕೆ ಏನು ಪ್ರಸಾರ ಮಾಡಿತು ಎಂಬುದು ನಮ್ಮ ಕೈಯಲ್ಲಿರಬೇಕು. ಅದಕ್ಕಾಗಿ ಎಫ್‌ಎಂ ಗೋಪುರದ ಹತ್ತಿರ ಇನ್ನೊಂದು ಗ್ರಾಹಕ ಇಡುತ್ತಾರೆ. ಎರಡರ ಗಡಿಯಾರವನ್ನೂ ಜಿ.ಪಿ.ಎಸ್. ಸಂಕೇತದಿಂದ ಒಂದೇ ತಾಳಕ್ಕೆ ಕಟ್ಟುತ್ತಾರೆ. ಆಮೇಲೆ ಗೋಪುರದ ಬಳಿ ದಾಖಲಾದ ಸಂಕೇತ ಆಕಾಶದಿಂದ ಬಂದ ಸಂಕೇತದಲ್ಲಿ ಎಷ್ಟು ತಡವಾಗಿ, ಎಷ್ಟು ಆವೃತ್ತಿ ಬದಲಾಗಿ ಅಡಗಿದೆ ಎಂದು ಹುಡುಕುತ್ತಾರೆ. ತಡ ಒಟ್ಟು ದಾರಿಯ ಉದ್ದವನ್ನು ಹೇಳುತ್ತದೆ. ಆವೃತ್ತಿಯ ಬದಲಾವಣೆ, ಅಂದರೆ ಡಾಪ್ಲರ್, ವೇಗವನ್ನು ಹೇಳುತ್ತದೆ. 100 ಮೆಗಾಹರ್ಟ್ಸ್‌ನ ಅಲೆಗೆ ಈ ಬದಲಾವಣೆ ಹೆಚ್ಚೆಂದರೆ ಐದು ಕಿಲೋಹರ್ಟ್ಸ್‌ನಷ್ಟು. ಒಂದು ಕೇಂದ್ರದಿಂದ ಸಿಗುವುದು ದಾರಿಯ ಒಟ್ಟು ಉದ್ದ ಮಾತ್ರ. ಕೇಂದ್ರವನ್ನೂ ಗ್ರಾಹಕವನ್ನೂ ನಾಭಿಗಳಾಗಿ ಇಟ್ಟುಕೊಂಡ ಒಂದು ದೀರ್ಘವೃತ್ತಾಕಾರದ ಮೈಮೇಲೆ ವಸ್ತು ಎಲ್ಲೋ ಇದೆ ಎಂದಷ್ಟೇ ಅದರ ಅರ್ಥ. ಇನ್ನೊಂದು ಊರಿನ ಕೇಂದ್ರ ಇನ್ನೊಂದು ಅಂಥ ಮೈಯನ್ನು ಕೊಡುತ್ತದೆ. ಊರುಗಳು ಹೆಚ್ಚಿದಂತೆ ಅವೆಲ್ಲ ಕೂಡುವ ಜಾಗ ಚಿಕ್ಕದಾಗುತ್ತದೆ.

ಈ ಹಂತದಲ್ಲಿ ಕಾರ್ಯಕ್ರಮ ಯಾವುದು ಎಂಬುದೂ ಮುಖ್ಯವಾಗುತ್ತದೆ. ಎಫ್‌ಎಂ ಸಂಕೇತದ ಹರವು ಒಳಗಿನ ಧ್ವನಿಯನ್ನು ಅವಲಂಬಿಸಿದೆ. ತುಂಬಿದ ವಾದ್ಯಮೇಳ ಬರುತ್ತಿದ್ದರೆ ಸಂಕೇತ ಅಗಲವಾಗಿ ಹರಡುತ್ತದೆ, ದೂರದ ಅಳತೆ ಮೂರು ಕಿಲೋಮೀಟರಿನೊಳಗೆ ಬರುತ್ತದೆ. ವಾರ್ತೆ ಓದುವವರು ಎರಡು ವಾಕ್ಯದ ನಡುವೆ ಉಸಿರು ತೆಗೆದುಕೊಂಡರೆ ಸಂಕೇತ ಕಿರಿದಾಗಿ, ಆ ಅರೆಕ್ಷಣ ರೇಡಾರಿಗೆ ಮಂಜು ಕವಿಯುತ್ತದೆ. ಒಂದೇ ಊರಿನ ನಾಲ್ಕಾರು ಕೇಂದ್ರಗಳನ್ನು ಒಟ್ಟಿಗೆ ಬಳಸಿದರೆ ಒಂದು ಮೌನವಾದಾಗ ಇನ್ನೊಂದು ಹಾಡುತ್ತಿರುತ್ತದೆ. ಡಿಜಿಟಲ್ ಟಿ.ವಿ. ಸಂಕೇತಕ್ಕೆ ಈ ಏರಿಳಿತವಿಲ್ಲ, ಅದರ ಹರವೂ ಎಷ್ಟೋ ಪಟ್ಟು ಹೆಚ್ಚು. ಅದಕ್ಕೇ ಯುರೋಪಿನ ಸಂಶೋಧಕರಿಗೆ ಅದರ ಮೇಲೆ ಒಲವು.

ಈ ವಿದ್ಯೆಯ ಮಿತಿಯನ್ನೂ ಹೇಳಬೇಕು. ಎಫ್‌ಎಂ ಅಲೆಯ ಉದ್ದ ಸುಮಾರು ಮೂರು ಮೀಟರ್. ವಸ್ತು ಅದಕ್ಕಿಂತ ಬಹಳ ಚಿಕ್ಕದಾದರೆ ಅಲೆ ಅದನ್ನು ಗಮನಿಸದೆ ದಾಟಿಹೋಗುತ್ತದೆ. ವಸ್ತುವಿನ ಗಾತ್ರ ಅರ್ಧಕ್ಕಿಳಿದರೆ ಮರಳುವ ಶಕ್ತಿ ಅರವತ್ತನಾಲ್ಕರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಒಂದರಿಂದ ಹತ್ತು ಸೆಂಟಿಮೀಟರ್ ಗಾತ್ರದ ಚೂರುಗಳು ಹತ್ತು ಲಕ್ಷಕ್ಕೂ ಹೆಚ್ಚಿವೆ ಎಂಬುದು ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಅಂದಾಜು. ಅವು ಯಾವುವೂ ಎಫ್‌ಎಂಗೆ ಕಾಣುವುದಿಲ್ಲ. ಅವಕ್ಕೆ ಸಣ್ಣ ಅಲೆಯ ಶಕ್ತಿಶಾಲಿ ರೇಡಾರೇ ಬೇಕು. 2020ರಲ್ಲಿ ಅಮೆರಿಕ ಪೆಸಿಫಿಕ್‌ನ ಕ್ವಾಜಲೀನ್ ದ್ವೀಪದಲ್ಲಿ ಚಾಲೂ ಮಾಡಿದ್ದು ಅಂಥದ್ದು.

ಹಾಗಾದರೆ ದೊಡ್ಡದನ್ನಷ್ಟೇ ಕಾಣುವ ಕಣ್ಣಿನಿಂದ ಏನು ಲಾಭ? ಬಹಳ ಲಾಭವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಕ್ಷೆಯಲ್ಲಿ 10 ಸಾವಿರ ಟನ್ನಿಗೂ ಹೆಚ್ಚು ಸಾಮಗ್ರಿ ಸುತ್ತುತ್ತಿದೆ. ಅದರ ಬಹುತೇಕ ತೂಕ ಇರುವುದು ಇಡಿಯಾದ ಉಪಗ್ರಹಗಳಲ್ಲಿ ಮತ್ತು ಖಾಲಿ ರಾಕೆಟ್ ಹಂತಗಳಲ್ಲಿ. ಸೋವಿಯತ್ ಒಕ್ಕೂಟ ಮತ್ತು ರಷ್ಯಾ ಹಾರಿಸಿದ ಜೆನಿತ್ ರಾಕೆಟ್ಟಿನ ಎರಡನೇ ಹಂತಗಳನ್ನೇ ತೆಗೆದುಕೊಳ್ಳಿ. ಒಂದೊಂದು ಸುಮಾರು 9 ಟನ್ ತೂಕ, ಹತ್ತು ಮೀಟರಿಗೂ ಉದ್ದ. ಅಂಥವು ಒಂದೂವರೆ ಡಜನ್‌ನಷ್ಟು 800–850 ಕಿಲೋಮೀಟರ್ ಎತ್ತರದಲ್ಲಿ, ಚುಕ್ಕಾಣಿಯಿಲ್ಲದೆ ತಿರುಗುತ್ತಿವೆ. ಅಷ್ಟು ಎತ್ತರದಿಂದ ಅವು ತಾವಾಗಿ ಬಿದ್ದುಹೋಗಲು ಶತಮಾನಗಳೇ ಬೇಕು. ಅವುಗಳಲ್ಲಿ ಎರಡು ಎದುರಾದರೆ ಏಳುವ ಚೂರುಗಳ ಮುಂದೆ 2009ರ ಅಪಘಾತ ಚಿಕ್ಕದು. 1978ರಲ್ಲಿ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್‌ಪಾಲೆ ಬರೆದ ಪ್ರಬಂಧ ಎಚ್ಚರಿಸಿದ್ದೂ ಇದನ್ನೇ. ಚೂರು ಚೂರಿಗೆ ಬಡಿದು, ಚೂರುಗಳು ತಾವಾಗಿ ಬೆಳೆಯುತ್ತ ಹೋಗುವ ಕಾಲ ಬರುತ್ತದೆ ಎಂದಿದ್ದರು ಅವರು. ಚೂರು ಹುಟ್ಟುವುದು ದೊಡ್ಡದರಿಂದ. ಎಫ್‌ಎಂ ಅಲೆಗೆ ಆ ದೊಡ್ಡವು ಚೆನ್ನಾಗಿ ಕಾಣುತ್ತವೆ. ಕಂಡದ್ದನ್ನು ಮತ್ತೆ ಮತ್ತೆ ಅಳೆಯುವ ಕೆಲಸವನ್ನು ಅದಕ್ಕೆ ಒಪ್ಪಿಸಬಹುದು.

ಈ ಕಸದಲ್ಲಿ ನಮ್ಮ ಪಾಲೂ ಇದೆ. 2001ರ ಅಕ್ಟೋಬರಿನಲ್ಲಿ ಹಾರಿದ ಪಿ.ಎಸ್.ಎಲ್.ವಿ. ಸಿ3ರ ನಾಲ್ಕನೇ ಹಂತ ಅದೇ ಡಿಸೆಂಬರ್ 19ರಂದು ಕಕ್ಷೆಯಲ್ಲೇ ಸಿಡಿದು ಮುನ್ನೂರಕ್ಕೂ ಹೆಚ್ಚು ಚೂರಾಯಿತು. ಉಳಿದ ಇಂಧನವನ್ನು ಹೊರಹಾಕಿ ಹಂತವನ್ನು ನಿರಪಾಯ ಮಾಡುವ ಕ್ರಮವನ್ನು ಇಸ್ರೊ ಅನಂತರ ರೂಢಿಗೆ ತಂದಿತು. 2020ರ ಡಿಸೆಂಬರಿನಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ನೇತ್ರ ಯೋಜನೆಯ ನಿಯಂತ್ರಣ ಕೇಂದ್ರ ಆರಂಭವಾಯಿತು. ಶ್ರೀಹರಿಕೋಟಾದಲ್ಲಿ ಹಲವು ವಸ್ತುಗಳನ್ನು ಒಮ್ಮೆಗೇ ಹಿಂಬಾಲಿಸುವ ರೇಡಾರ್ ಇದೆ. 2030ರ ಹೊತ್ತಿಗೆ ಭಾರತದ ಎಲ್ಲ ಯಾನಗಳೂ ಕಸವಿಲ್ಲದೆ ನಡೆಯಬೇಕೆಂಬ ಗುರಿಯನ್ನು 2024ರಲ್ಲಿ ಇಸ್ರೊ ಘೋಷಿಸಿದೆ. ಇವೆಲ್ಲ ಒಳ್ಳೆಯ ಹೆಜ್ಜೆಗಳು. ಇವುಗಳ ಪಕ್ಕದಲ್ಲಿ ಎಫ್‌ಎಂ ಅಲೆಯ ಕಾವಲೂ ಇರಬೇಕೆಂಬುದು ನನ್ನ ಬೇಡಿಕೆ.

ಕಸುಬು ಇಲ್ಲೇ ಇದೆ ಎಂದೆನಲ್ಲ, ಅದಕ್ಕೆ ಸಾಕ್ಷಿ ಗೌರಿಬಿದನೂರು. ಬೆಂಗಳೂರಿನಿಂದ ಉತ್ತರಕ್ಕೆ ಎರಡು ಗಂಟೆಯ ದಾರಿ. ಅಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲೇ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾಗಳನ್ನು ನಿಲ್ಲಿಸಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ತೆಗೆದವು. ತಿರುಗದ ಆಂಟೆನಾ, ತಡದ ಹೊಂದಾಣಿಕೆಯಿಂದ ನೋಟ: ಮರ್ಚಿಸನ್‌ನಲ್ಲಿ ನಾವು ಕಂಡ ಅದೇ ತತ್ತ್ವ. 1997ರಿಂದ ಅಲ್ಲೇ ಸೂರ್ಯನನ್ನು ರೇಡಿಯೊ ಅಲೆಗಳಲ್ಲಿ ನೋಡುವ ಹೀಲಿಯೊಗ್ರಾಫ್ ನಡೆಯುತ್ತಿದೆ. ಬೆಂಗಳೂರಿನ ಎಫ್‌ಎಂ ಗೋಪುರಗಳು ಅದಕ್ಕೆ ದೂರವೇನಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರಲ್ಲಿ ಆರಂಭವಾದದ್ದೂ ಬೆಂಗಳೂರಿನಲ್ಲೇ, ಆಮೇಲೆ ಅವುಗಳ ಸಾಲೇ ಬೆಳೆಯಿತು. ಸೂರ್ಯನನ್ನು ನೋಡುವವರಿಗೆ ಆ ಅಲೆಗಳು ಬೇಡದ ಗದ್ದಲ. ಉಪಗ್ರಹ ಹುಡುಕುವವರಿಗೆ ಅದೇ ಬಂಡವಾಳ. ಇನ್ನೊಂದು ಬೆಳವಣಿಗೆಯೂ ಇದೆ. ಮರ್ಚಿಸನ್ ಬಯಲಲ್ಲೇ 1,31,072 ಆಂಟೆನಾಗಳ ಎಸ್‌ಕೆಎ ಲೋ ದೂರದರ್ಶಕ ಏಳುತ್ತಿದೆ. ಭಾರತ ಅದರ ಪಾಲುದಾರ, ಸರ್ಕಾರ 1,250 ಕೋಟಿ ರೂಪಾಯಿ ಮಂಜೂರು ಮಾಡಿದೆ. ಆ ಹಣದಿಂದ ತಯಾರಾಗುವ ಎಂಜಿನಿಯರುಗಳಿಗೆ ನಮ್ಮ ನೆತ್ತಿಯ ಮೇಲಿನ ಈ ಕೆಲಸವೂ ಕೈಗೆಟುಕುವಂಥದ್ದು.

ಆಕಾಶವಾಣಿಯವರಲ್ಲಿ ಮತ್ತು ಖಾಸಗಿ ಕೇಂದ್ರಗಳವರಲ್ಲಿ ನನ್ನ ಕೋರಿಕೆ ಒಂದೇ. ನಿಮ್ಮ ಗೋಪುರ ಎಲ್ಲಿದೆ, ಎಷ್ಟು ಶಕ್ತಿ, ಮೇಲ್ಮುಖವಾಗಿ ಅಲೆ ಎಷ್ಟು ಹೋಗುತ್ತದೆ ಎಂಬ ವಿವರವನ್ನು ವಿಶ್ವವಿದ್ಯಾಲಯಗಳಿಗೆ ಕೊಡಿ, ಗೋಪುರದ ಬುಡದಲ್ಲಿ ಒಂದು ಪುಟ್ಟ ಗ್ರಾಹಕ ಇಡಲು ಜಾಗ ಕೊಡಿ. ನಿಮಗೆ ಇದರಿಂದ ಒಂದು ವ್ಯಾಟ್‌ನ ನಷ್ಟವೂ ಇಲ್ಲ.

ಕೊನೆಯದಾಗಿ ಮುಂದೆ ಕೂತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ. ಆರಂಭಕ್ಕೆ ದೂರದರ್ಶಕ ಬೇಡ. ಕೆಲವೇ ಸಾವಿರ ರೂಪಾಯಿಗೆ ಸಿಗುವ ಯು.ಎಸ್.ಬಿ. ರೇಡಿಯೊ ರಿಸೀವರ್, ನೀವೇ ಕೈಯಾರೆ ಮಾಡಿಕೊಂಡ ಯಾಗಿ ಆಂಟೆನಾ, ಒಂದು ಲ್ಯಾಪ್‌ಟಾಪ್ ಸಾಕು. ನಿಮ್ಮ ಊರಲ್ಲಿ ನೇರವಾಗಿ ಕೇಳದ, ಇನ್ನೂರು ಮುನ್ನೂರು ಕಿಲೋಮೀಟರ್ ಆಚೆಯ ಒಂದು ಎಫ್‌ಎಂ ಕೇಂದ್ರವನ್ನು ಆರಿಸಿಕೊಳ್ಳಿ. ಕರಾವಳಿಯವರಿಗೆ ಇದು ಇನ್ನೂ ಅನುಕೂಲ, ಬೆಂಗಳೂರಿನ ಕೇಂದ್ರಗಳನ್ನು ಘಟ್ಟಸಾಲು ತಾನೇ ಮರೆಮಾಡಿರುತ್ತದೆ. ಮೊದಲು ವಿಮಾನಗಳಿಂದ ಬರುವ ಪ್ರತಿಫಲನ ಹಿಡಿಯಿರಿ, ಅದು ಸುಲಭ. ಡಿಸೆಂಬರ್ 13 ಮತ್ತು 14ರ ರಾತ್ರಿ ಜೆಮಿನಿಡ್ ಉಲ್ಕೆಗಳು ಸುರಿಯುವಾಗ ಕೂತು ಕೇಳಿ. ಉಲ್ಕೆಯ ಜಾಡಿಗೆ ತಾಗಿದ ಅಲೆಯಿಂದ ಆ ದೂರದ ಕೇಂದ್ರ ಒಂದೆರಡು ಸೆಕೆಂಡು ಸ್ಪಷ್ಟವಾಗಿ ಕೇಳಿ ಅಡಗಿಹೋಗುತ್ತದೆ. ಬಾಹ್ಯಾಕಾಶ ನಿಲ್ದಾಣ ಅದಕ್ಕಿಂತ ಕಷ್ಟ. ಅದು ಯಾವ ಹೊತ್ತಿಗೆ ನೆತ್ತಿಯ ಮೇಲೆ ಬರುತ್ತದೆ ಎಂದು ನೋಡಿಕೊಂಡು, ಡಾಪ್ಲರ್ ಹೇಗೆ ಇಳಿಯಬೇಕು ಎಂದು ಮೊದಲೇ ಲೆಕ್ಕ ಹಾಕಿಟ್ಟುಕೊಂಡು ಹುಡುಕಬೇಕು. ಸಿಗದಿದ್ದರೆ ನಾಲ್ಕು ಕಾಲೇಜು ಸೇರಿ ನಾಲ್ಕು ಆಂಟೆನಾ ಕೂಡಿಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಹಳೆಯ ವಿಷಯವನ್ನೇ ಮತ್ತೆ ತಿರುವಿ ಹಾಕುವ ಬದಲು ಇದನ್ನು ಎತ್ತಿಕೊಳ್ಳಿ, ನಿಮ್ಮ ಅಧ್ಯಾಪಕರನ್ನೂ ಜೊತೆಗೆ ಎಳೆದುಕೊಳ್ಳಿ. ಅಳೆದದ್ದನ್ನು, ತಪ್ಪಿದ್ದನ್ನೂ ಸೇರಿಸಿ, ಎಲ್ಲರಿಗೂ ಸಿಗುವಂತೆ ಪ್ರಕಟಿಸಿ.